ವೀರಭದ್ರನ ಬೆನ್ನಿಗಿದ್ದ ಭಜನೆ ಮೇಳ

೧೯೯೮ನೇ ಇಸವಿ, ನನಗಾಗ ಹನ್ನೆರಡು ವರ್ಷ. ಇಸವಿಯನ್ನೂ ವಯಸ್ಸನ್ನೂ ಮೊದಲೇ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಬುಡ ಗಟ್ಟಿಯಿಲ್ಲದ ನೆನಪು ಎತ್ತ ಬೇಕಾದರೂ ವಾಲುತ್ತದೆ. ಮೊನ್ನೆ ನನ್ನ ಮಗಳು ಶಾಲೆಯ ಯಾವುದೋ ಮಾದರಿ ಮಾಡಲೆಂದು ಅಡುಗೆಮನೆಯಲ್ಲಿ ಮೈದಾ ಹಿಟ್ಟಿನ ಅಂಟು ಕುದಿಸಿದಳು. ಹುಳು ಬಾರದಿರಲೆಂದು ಯಾರೋ ಹೇಳಿಕೊಟ್ಟಿದ್ದಂತೆ ಅದಕ್ಕೆ ಚಿಟಿಕೆ ಮೈಲುತುತ್ತದ ನೀಲಿ ಪುಡಿಯನ್ನೂ ಬೆರೆಸಿದ್ದಳು. ಆ ಹಸಿಹಸಿ ಹಿಟ್ಟಿನ ಬಿಸಿಯೊಳಗೆ ತಾಮ್ರದ ಕಟುವಾಸನೆ ಸೇರಿಕೊಂಡು ನಡುಮನೆಗೆ ಬಂದಾಗ ನಾನು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟೆ. ಇಪ್ಪತ್ತೇಳು ವರ್ಷಗಳ ಹಿಂದೆ ದಾವಣಗೆರೆಯ ಚೌಕಿಪೇಟೆಯ ಮನೆಯೊಂದರ ಮುಂಗೋಣೆಯಲ್ಲಿ ಪ್ರತಿದಿನ ಬೆಳಿಗ್ಗೆ ಇದೇ ವಾಸನೆ ಏಳುತ್ತಿತ್ತು. ಆ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಅದರ ಮುಂಗೋಣೆ ಹೋಯಿತು, ಆಮೇಲೆ ಹಿಂಗೋಣೆಗೂ ನಿಲ್ಲುವ ಮನಸ್ಸಾಗಲಿಲ್ಲ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಅದರ ವಾಸನೆ ಯಾವುದೆಂದು ನಿಮಗೇ ಗೊತ್ತು.

ಆ ಮುಂಗೋಣೆ ನಮ್ಮ ಅಜ್ಜನ ಅಂಗಡಿ. ಪಟಗಳಿಗೆ ಕಟ್ಟು ಹಾಕುವುದು ಅಜ್ಜನ ಕಸುಬು. ಅವನಿಗಿಂತ ಮೊದಲು ಅವನ ಅಪ್ಪನ ಕಸುಬು. ಗೋಡೆಯುದ್ದಕ್ಕೂ ಮರದ ಪಟ್ಟಿಗಳು ಒರಗಿ ನಿಂತಿರುತ್ತಿದ್ದವು, ಗರಗಸದ ಹುಡಿ ಬಾಗಿಲ ಬಿಸಿಲಿನಲ್ಲಿ ತೇಲುತ್ತಿತ್ತು, ವಜ್ರದ ಮೊನೆಯ ಕಡ್ಡಿ ಗಾಜಿನ ಮೇಲೆ ಹರಿದಾಗ ಹಲ್ಲು ಜುಮ್ಮೆನ್ನುತ್ತಿತ್ತು. ದೂರದ ಹತ್ತಿಗಿರಣಿಯ ಸೈರನ್ ಕೂಗಿದೊಡನೆ ಅಜ್ಜಿ ಒಳಗಿನಿಂದ ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದಿಡುತ್ತಿದ್ದಳು. ತಟ್ಟೆಯನ್ನು ಇಡಲು ಶಿವಪಾರ್ವತಿಯರನ್ನೋ ಯಾರದೋ ಮದುವೆಯ ದಂಪತಿಗಳನ್ನೋ ಸ್ವಲ್ಪ ಸರಿಸಬೇಕಾಗುತ್ತಿತ್ತು. ಹಳೆಯ ಪಟಗಳ ಗಾಜು ಬದಲಿಸಲು ಹಿಂದಿನ ರಟ್ಟು ತೆಗೆದಾಗ, ಪಟಕ್ಕೂ ರಟ್ಟಿಗೂ ನಡುವೆ ಆಸರೆಗೆಂದು ತುರುಕಿದ್ದ ಬೇರೆ ಚಿತ್ರಗಳು ಹೊರಬೀಳುವುದಿತ್ತು. ಲಕ್ಷ್ಮಿಯ ಹಿಂದೆ ಪೇಟ ಸುತ್ತಿದ ಒಬ್ಬ ಜಮಾದಾರ, ಗಣಪತಿಯ ಹಿಂದೆ ಬಣ್ಣದ ಪರದೆಯ ಚಂದ್ರನ ಕೆಳಗೆ ಕುರ್ಚಿ ಹಿಡಿದು ನಿಂತ ಹೆಂಗಸು, ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡ ಮಗು. "ಕಟ್ಟಿನೊಳಗಿಂದ ಬಂದದ್ದು ಕಟ್ಟಿನವರದು" ಎಂಬುದು ಅಜ್ಜನ ನಿಯಮ. ಅವನು ಎಲ್ಲರನ್ನೂ ಕೇಳುತ್ತಿದ್ದ. ಬೇಕೆಂದವರಿಗೆ ಕೊಡುತ್ತಿದ್ದ, ಯಾರೋ ಏನೋ, ಬಿಸಾಕ್ರಿ ಎಂದವರ ಚಿತ್ರಗಳನ್ನು ಬಿಸ್ಕತ್ತಿನ ಹಳೆಯ ಡಬ್ಬಿಗೆ ಹಾಕಿಡುತ್ತಿದ್ದ. ಬೇಡವಾದವರ ಆ ಡಬ್ಬಿ ಕಾಲಕ್ರಮದಲ್ಲಿ ನನ್ನದಾಯಿತು.

ನಾನು ಅವರೆಲ್ಲರ ಚಿತ್ರ ಬರೆಯುತ್ತಿದ್ದೆ. ಅಜ್ಜ ಒಂದು ಗಾಜಿನ ಚೂರಿನ ಮೇಲೆ ಕಪ್ಪುಮಸಿಯಿಂದ ಸಣ್ಣ ಚೌಕಳಿ ಗೆರೆಗಳನ್ನು ಎಳೆದುಕೊಟ್ಟಿದ್ದ. ಅದನ್ನು ಭಾವಚಿತ್ರದ ಮೇಲಿಟ್ಟು, ಕಾಗದದ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕಿಕೊಂಡು, ಒಂದೊಂದು ಚೌಕದಲ್ಲಿ ಕಂಡದ್ದನ್ನು ಮಾತ್ರ ಇಳಿಸುತ್ತ ಹೋಗಬೇಕು. ಮೂಗು ಬರೆಯುತ್ತಿದ್ದೇನೆಂದು ಅಂದುಕೊಳ್ಳಬಾರದು. ಈ ಚೌಕದಲ್ಲಿ ಎಡಮೂಲೆಯಿಂದ ಹೊರಟ ನೆರಳು ಬಲಗೆರೆಯ ನಡುವಿಗೆ ಮುಟ್ಟುತ್ತದೆ, ಅಷ್ಟೇ. ತರಗತಿಯಲ್ಲಿ ಒತ್ತಕ್ಷರ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಲು ಮೇಷ್ಟ್ರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದ ನನ್ನಂಥ ಹುಡುಗನಿಗೆ ಇದಕ್ಕಿಂತ ಹೊಂದುವ ಆಟ ಇನ್ನೊಂದಿರಲಿಲ್ಲ. ಆದರೆ ಅದರ ಸುಖ ಕ್ರಮದಲ್ಲಿರಲಿಲ್ಲ. ಕ್ರಮ ಮುಗಿಯುವ ಗಳಿಗೆಯಲ್ಲಿತ್ತು. ಅರ್ಥವಿಲ್ಲದ ಗೆರೆಗಳನ್ನು ಕೂಡಿಸುತ್ತ ಕೂಡಿಸುತ್ತ ಇದ್ದಕ್ಕಿದ್ದಂತೆ ಕಾಗದದಿಂದ ಒಬ್ಬರು ನನ್ನತ್ತ ನೋಡಿಬಿಡುತ್ತಿದ್ದರು. ಆಗ ಪೆನ್ಸಿಲನ್ನು ಹಾಗೇ ಬಿಟ್ಟು ಅಂಗಳಕ್ಕೆ ಓಡಿ ಒಂದು ಸುತ್ತು ಹಾಕಿ ಬಂದು ಮತ್ತೆ ನೋಡುತ್ತಿದ್ದೆ; ಅವರು ಇನ್ನೂ ನೋಡುತ್ತಲೇ ಇರುತ್ತಿದ್ದರು.

ಆ ವರ್ಷದ ಶ್ರಾವಣದಲ್ಲಿ ಹರಿಹರದಿಂದ ಒಂದು ವೀರಭದ್ರನ ಪಟ ಬಂತು. ಕಳುಹಿಸಿದವಳು ಹರಿಹರದಜ್ಜಿ, ಅಂದರೆ ಅಜ್ಜನ ಅಕ್ಕ ಗುರುಬಸಮ್ಮ. ಅವಳನ್ನು ಕುರಿತು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಇಷ್ಟು: ಹದಿನೈದು ತುಂಬಿದಾಗ ಮದುವೆಯಾಗಿ ಹರಿಹರಕ್ಕೆ ಹೋದಳು, ಐದು ತಿಂಗಳಿಗೆ ಗಂಡ ಜ್ವರದಲ್ಲಿ ತೀರಿಕೊಂಡ, ತವರಿಗೆ ಬಾ ಎಂದರೆ ಬರದೆ, ಅತ್ತೆಯನ್ನು ನೋಡಿಕೊಂಡು, ಅತ್ತೆ ಹೋದ ಮೇಲೆ ಮೈದುನನ ಮಕ್ಕಳನ್ನು ಸಾಕಿ ಅಲ್ಲೇ ಉಳಿದಳು. ಗಂಡನ ಒಂದು ಭಾವಚಿತ್ರವೂ ಅವಳ ಬಳಿ ಇರಲಿಲ್ಲ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಆ ಮನೆಯವರು ಮಾವನ ಪಟ, ಅತ್ತೆಯ ಪಟ, ಮೈದುನನ ಪಟಗಳನ್ನು ಸಾಲಾಗಿ ಇಟ್ಟು ಎಡೆ ಬಡಿಸಿದರೆ, ಆ ಸಾಲಿನಲ್ಲಿ ಒಂದು ಕಡೆ ಮಡಿಸಿದ ಪಂಚೆಯೊಂದು ಮಾತ್ರ ಇರುತ್ತಿತ್ತು. ಐವತ್ತು ವರ್ಷ ಅವಳು ಪಂಚೆಗೆ ಕೈಮುಗಿದಿದ್ದಳು. ಆ ಸಲ ಪಟವನ್ನು ತಂದವನ ಕೈಯಲ್ಲಿ ಅವಳು ಹೇಳಿ ಕಳುಹಿಸಿದ ಮಾತು ಗಾಜಿನ ವಿಷಯದ್ದು ಮಾತ್ರವಲ್ಲ: ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಹೋಗುತ್ತಿದೆ, ಕಾಣುವುದು ಪೂರ್ತಿ ನಿಲ್ಲುವ ಮೊದಲು ಈ ವರ್ಷವಾದರೂ ಆ ಜಾಗದಲ್ಲಿ ಒಂದು ಮುಖ ಇರಬೇಕಿತ್ತು. ಅಜ್ಜ ಇದನ್ನು ಕೇಳಿ ಇಕ್ಕಳ ಕೈಗೆತ್ತಿಕೊಂಡ.

ಪಟವನ್ನು ಮಗುಚಿ ಹಾಕಿದೊಡನೆ ಅವನು ಮೂಲೆಗಳನ್ನು ಬೆರಳಿನಿಂದ ಸವರಿ, ಇದು ತನ್ನ ಅಪ್ಪ ಹಾಕಿದ ಕಟ್ಟು ಎಂದ. ಮೊಳೆಗಳನ್ನು ಕಿತ್ತು ರಟ್ಟು ಎತ್ತಿದಾಗ ವೀರಭದ್ರನ ಬೆನ್ನಿಗೆ ಮುಖಕೊಟ್ಟು ಒಂದು ದೊಡ್ಡ ಭಾವಚಿತ್ರ ಕುಳಿತಿತ್ತು. ಅಜ್ಜ ಅದನ್ನು ತಿರುಗಿಸಿದ. ಕಂದುಬಣ್ಣಕ್ಕೆ ತಿರುಗಿದ್ದರೂ ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿದ್ದ ಚಿತ್ರ: ಗುಡಿಯ ಅಂಗಳದಲ್ಲಿ ಒಂದೇ ಸಾಲಿಗೆ ನಿಂತ ಒಂಬತ್ತು ಜನ, ಕೈಯಲ್ಲಿ ತಾಳ, ದಮ್ಮಡಿ, ಏಕತಾರಿ, ಒಬ್ಬನ ಕೊರಳಿಗೆ ನೇತುಬಿದ್ದ ಹಾರ್ಮೋನಿಯಂ. ಹರಿಹರದಜ್ಜಿಯ ಗಂಡ ಸೋಮವಾರ ಸೋಮವಾರ ಭಜನೆ ಮೇಳಕ್ಕೆ ಹೋಗುತ್ತಿದ್ದುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅಜ್ಜಿ ಅಡುಗೆಮನೆಯಿಂದ ಸೌಟಿನ ಸಮೇತ ಬಂದಳು. ಆಮೇಲೆ ಅಜ್ಜ ನಡುವಿನವನ ಮೇಲೆ ಬೆರಳಿಟ್ಟ. ಎಲ್ಲರಿಗಿಂತ ಗೇಣು ಎತ್ತರ, ಚೇಳಿನ ಕೊಂಡಿಯಂಥ ಮೀಸೆ, ಎದೆಯುಬ್ಬಿಸಿ ಏಕತಾರಿ ಹಿಡಿದ ಗಂಡಸು.

"ಇವ್ನೇ ನಮ್ ಭಾವ. ನನ್ನನ್ನ ಹೆಗಲ ಮ್ಯಾಲೆ ಕೂಡ್ರಿಸ್ಕೊಂಡು ಹೊಳಿಗೆ ಕರ್ಕೊಂಡು ಹೋಗಿದ್ದ. ಮುಗಿಲು ಮುಟ್ಟಿದಂಗಾಗಿತ್ತು ನಂಗೆ. ಈ ಎತ್ತರ ಮರಿಯೋ ಎತ್ತರ ಅಲ್ಲ."

"ಆವಾಗ ನಿಮಗೆ ಐದು ವರ್ಷ" ಎಂದಳು ಅಜ್ಜಿ. "ನಿನ್ನೆ ಕನ್ನಡಕ ಎಲ್ಲಿ ಇಟ್ಟಿದ್ರಿ ಅನ್ನೋದೇ ನೆಪ್ಪಿಲ್ಲ."

ಅಜ್ಜ ಅದಕ್ಕೆ ಕಿವಿಗೊಡಲಿಲ್ಲ. ಅಕ್ಕನಿಗೆ ಈಗಲೇ ತಿಳಿಸುವುದು ಬೇಡ, ಚಿತ್ರ ಬರೆದು, ಕಟ್ಟು ಹಾಕಿ, ಒಮ್ಮೆಲೇ ಕೈಗೆ ಕೊಡೋಣ ಎಂದ. ವೀರಭದ್ರನಿಗೆ ಹೊಸ ಗಾಜು ಹಾಕಿ ಹರಿಹರಕ್ಕೆ ಕಳುಹಿಸಿದೆವು; ಮೇಳ ನಮ್ಮಲ್ಲಿ ಉಳಿಯಿತು. ಶಾಲೆಯಿಂದ ಬಂದೊಡನೆ ಕೈಕಾಲು ತೊಳೆದು ಚೌಕಳಿ ಗಾಜಿನ ಮುಂದೆ ಕೂರುತ್ತಿದ್ದೆ. ಬೇರೆಯವರಿಗೆ ಬೇಡವಾದವರನ್ನು ಬರೆಯುತ್ತಿದ್ದವನಿಗೆ ಮೊದಲ ಸಲ ಬೇಕಾದವನೊಬ್ಬ ಸಿಕ್ಕಿದ್ದ. ಸೀಸದಕಡ್ಡಿಯ ಮೊನೆಯನ್ನು ಬ್ಲೇಡಿನಿಂದ ಹೆರೆದು ಹೆರೆದು ಸೂಜಿ ಮಾಡಿಕೊಂಡು ಆ ಮೀಸೆಯ ಒಂದೊಂದು ಕೂದಲನ್ನೂ ಎಳೆದೆ. ಮುಗಿದ ದಿನ ಅಜ್ಜ ಅದನ್ನು ಗೋಡೆಗೆ ಒರಗಿಸಿ, ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ನಿಂತು ನೋಡಿ, ಬೀಟೆಯ ಪಟ್ಟಿಯನ್ನೇ ಕೊಯ್ದ. ಬೀಟೆಯನ್ನು ಅವನು ಮಠದ ಸ್ವಾಮಿಗಳ ಪಟಕ್ಕೆ ಮಾತ್ರ ಬಳಸುತ್ತಿದ್ದವನು.

ಭಾನುವಾರ ಬಸ್ಸು ಹತ್ತಿದೆವು. ಹರಿಹರದಜ್ಜಿಯ ಮನೆ ಗುಡಿಯಿಂದ ಹೊಳೆಗೆ ಇಳಿಯುವ ಓಣಿಯಲ್ಲಿತ್ತು; ಪಡಸಾಲೆಯ ಬಂಡೆಗಳು ಯಾವ ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು, ಹಿತ್ತಿಲ ಬಾಗಿಲಿನಿಂದ ತುಂಗಭದ್ರೆಯ ಪಾಚಿಯ ವಾಸನೆ ಬರುತ್ತಿತ್ತು. ಅವಳು ದಪ್ಪ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಚೆನ್ನಾಗಿ ಬರೆದಿದ್ದೀಯೆಂದು ನನ್ನ ತಲೆ ನೇವರಿಸಿದಳು. ಆಮೇಲೆ ತಮ್ಮನ ಕಡೆ ತಿರುಗಿ ಕೇಳಿದಳು:

"ಯಾರಪ್ಪಾ ಇವ್ರು? ಒಳ್ಳೆ ಪೊಲೀಸ್ ಪಟೇಲ ಇದ್ದಂಗದಾರೆ."

ಅಜ್ಜನ ಮುಖ ಇಳಿದುಹೋಯಿತು. ಅವನು ಮೇಳದ ಚಿತ್ರ ತೆಗೆದು, ಅದು ಸಿಕ್ಕ ಬಗೆಯನ್ನು ಹೇಳಿ, ಇವನು ಭಾವನೇ, ನೀನು ಮರೆತಿದ್ದೀಯ, ಐವತ್ತು ವರ್ಷವಾಯಿತು, ಎಂದು ವಾದಿಸತೊಡಗಿದ. ಹರಿಹರದಜ್ಜಿ ವಾದಕ್ಕೆ ಬರಲಿಲ್ಲ. ಚಿತ್ರವನ್ನು ಕಣ್ಣಿನ ಸಮೀಪಕ್ಕೆ ತಂದು ನೋಡಿದಳು. ಮಂಜಿನೊಳಗಿನ ಒಂಬತ್ತು ಕಡ್ಡಿಗಳಂತೆ ಕಾಣುತ್ತವೆಂದಳು. ಅದು ಯಾರ ಬೆನ್ನಿಗಿತ್ತು ಎಂದು ಮತ್ತೊಮ್ಮೆ ಕೇಳಿ ತಿಳಿದುಕೊಂಡು ದೇವರ ಕೋಣೆಯ ಕಡೆ ಒಂದು ಸಲ ತಿರುಗಿದಳು. ಅತ್ತೆ ತಾನೇ ಆ ವೀರಭದ್ರನನ್ನು ದಾವಣಗೆರೆಗೆ ಒಯ್ದು ಕಟ್ಟು ಹಾಕಿಸಿ ತಂದದ್ದು, ದಿನಾ ತಪ್ಪದೆ ಪೂಜೆ ಮಾಡೆಂದು ಹೇಳಿದ್ದು, ತನ್ನ ಗಂಡ ಹೋದ ಮರುವರ್ಷ ಎಂದಳು. ಅಂದರೆ ಅತ್ತೆಗೆ ಗೊತ್ತಿತ್ತು. ಕಟ್ಟು ಹಾಕಿದ ಹರಿಹರದಜ್ಜಿಯ ಸ್ವಂತ ಅಪ್ಪನಿಗೂ ಗೊತ್ತಿತ್ತು. ಹದಿನಾರರ ಹುಡುಗಿಯ ಕಣ್ಣಿಗೆ ಆ ಮುಖ ಬೀಳಬಾರದೆಂದು ಇಬ್ಬರೂ ಒಪ್ಪಿ ದೇವರ ಹಿಂದೆ ಇಟ್ಟರೋ, ತಾವು ನೋಡಲಾರದೆ ಇಟ್ಟರೋ, ಹೇಳುವವರು ಈಗ ಯಾರೂ ಇರಲಿಲ್ಲ. ಅವಳು ದಿನವೂ ಹೂ ಏರಿಸಿದ್ದು, ಊದುಬತ್ತಿ ಬೆಳಗಿದ್ದು ಮಾತ್ರ ನಿಜ.

ಅಜ್ಜ ಇನ್ನೂ ಎತ್ತರದವನನ್ನು ಬಿಟ್ಟುಕೊಟ್ಟಿರಲಿಲ್ಲ. ಈ ಪಟವನ್ನೇ ಇಟ್ಟು ಪೂಜೆ ಮಾಡು, ಹೋಲುತ್ತಾನೆ, ಎಂದ. ಆಗ ಅವಳ ದನಿ ಸ್ವಲ್ಪ ಗಟ್ಟಿಯಾಯಿತು.

"ಹೋಲ್ತಾನೆ ಅಂತ ಬ್ಯಾರೆ ಗಂಡಸ್ರ ಮುಂದೆ ಎಡೆ ಇಡ್ಲೇನೋ? ಪಂಚೆ ಆದ್ರೂ ಅವ್ರದು. ನನಗೆ ಗುರ್ತು ಸಿಗಬೇಕು, ಆಮ್ಯಾಲೆ ಪೂಜೆ."

"ಗುರ್ತು ಸಿಗಲ್ಲ ಅಂತೀಯಲ್ಲ ಅಕ್ಕ, ಮತ್ತೆ ಹೆಂಗೆ?"

ಅವಳು ಸೆರಗನ್ನು ಸರಿಪಡಿಸಿಕೊಂಡಳು. ಆಮೇಲೆ ಸಂಕೋಚದಿಂದ, ನನ್ನ ಮುಂದೆ ಹೇಳುವುದೋ ಬೇಡವೋ ಎಂಬಂತೆ, ಹೇಳಿದಳು. "ನಾ ಅವ್ರ ಮುಖ ನೋಡಿಲ್ಲ ಕಣೋ ತಮ್ಮ. ಅತ್ತೆ ಮಾವ ಇರೋ ಮನಿಯಾಗೆ ತಲೆ ಎತ್ತೋರು ಯಾರು ಆವಾಗ? ಗುತ್ತೂರ ಕಡಿಯ ಹೊಲದಿಂದ ಬರ್ತಿದ್ರು, ಎರೆಮಣ್ಣು ಹತ್ತಿರ್ತಿತ್ತು, ನೀರು ಹಾಕ್ತಿದ್ದೆ. ಕಾಲು ನೋಡೀನಿ. ಕಾಲು ತೋರ್ಸು, ಹೇಳ್ತೀನಿ."

ಮೇಳದ ಚಿತ್ರದಲ್ಲಿ ಕಾಲುಗಳಿರಲಿಲ್ಲ. ಒಂಬತ್ತೂ ಜನ ಮೊಣಕಾಲಿನ ಕೆಳಗೆ ಮುಗಿದುಹೋಗಿದ್ದರು. ಕೆಳಗಿನ ಅಂಚು ಕತ್ತರಿಯಿಂದ ನೇರವಾಗಿ ಕೊಯ್ದದ್ದು. ಅಜ್ಜ ಆ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತಿದ್ದವನು ತಟ್ಟನೆ ಎದ್ದು ನಿಂತ. ಕಟ್ಟು ಹಾಕುವವರ ಮನೆಯಲ್ಲಿ ಹುಟ್ಟಿದ್ದರಿಂದ ನನಗೂ ಅದು ಅದೇ ಕ್ಷಣಕ್ಕೆ ಹೊಳೆಯಿತು. ಚಿತ್ರ ದೊಡ್ಡದಾದರೆ ಅದನ್ನು ಕಟ್ಟಿನ ಅಳತೆಗೆ ಕತ್ತರಿಸುತ್ತಾರೆ. ಕತ್ತರಿಸಿದ ಪಟ್ಟಿಯನ್ನು ನಮ್ಮವರು ಎಂದೂ ಎಸೆದವರಲ್ಲ. ಗಾಜು ಕೂರುವ ಒಳತೋಡಿನಲ್ಲಿ ಸಂದು ಉಳಿದಿದ್ದರೆ, ಪಟ ಅಲ್ಲಾಡದಿರಲೆಂದು ಅದೇ ಪಟ್ಟಿಯನ್ನು ಅಂಟು ಹಚ್ಚಿ ಅಲ್ಲಿ ಒತ್ತುತ್ತಾರೆ. ಗಾಜು ಬದಲಿಸುವಾಗ ಒತ್ತಿದ್ದನ್ನು ಯಾರೂ ಕೀಳುವುದಿಲ್ಲ, ಅಜ್ಜನೂ ಕಿತ್ತಿರಲಿಲ್ಲ. ವೀರಭದ್ರ ಈ ಮನೆಯ ದೇವರ ಕೋಣೆಯಲ್ಲೇ ಇದ್ದ.

ಹರಿಹರದಜ್ಜಿ ಕೈಮುಗಿದು ಅಪ್ಪಣೆ ಕೇಳಿಕೊಂಡ ಮೇಲೆ ಅಜ್ಜ ಪಟವನ್ನು ಇಳಿಸಿದ. ಮನೆಯಲ್ಲಿ ಇಕ್ಕಳವಿರಲಿಲ್ಲ, ತರಕಾರಿ ಚಾಕುವಿನ ತುದಿಯಿಂದಲೇ ಮೊಳೆಗಳನ್ನು ಎಬ್ಬಿಸಿದ. ಒಳತೋಡಿನ ಉದ್ದಕ್ಕೂ ಕಂದು ಕಾಗದ ಮೆತ್ತಿತ್ತು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಸಿ ಕಾಯುತ್ತ ಕುಳಿತೆವು. ನೀರು ಇಳಿದಂತೆಲ್ಲ ಆ ವಾಸನೆ ಎದ್ದಿತು: ಮೈದಾ, ಮೈಲುತುತ್ತ. ಮುತ್ತಜ್ಜ ಐವತ್ತು ವರ್ಷದ ಹಿಂದೆ ಕಲಸಿದ್ದ ಅಂಟು ಇನ್ನೂ ನಮ್ಮ ಅಂಗಡಿಯ ವಾಸನೆಯನ್ನೇ ಇಟ್ಟುಕೊಂಡಿತ್ತು. ಹರಿಹರದಜ್ಜಿ ಕಣ್ಣು ಮುಚ್ಚಿ ಉಸಿರೆಳೆದು, ಅಪ್ಪ ಬಂದಂಗಾತು, ಎಂದಳು. ಕಾಗದದ ಕೆಳಗಿನಿಂದ ಎರಡು ಬೆರಳು ಅಗಲದ ಪಟ್ಟಿ, ಬಾಳೆನಾರಿನಂತೆ ಮೆಲ್ಲಗೆ, ಇಡಿಯಾಗಿ ಬಂತು. ಅದರ ಮೇಲೆ ಹುಣಿಸೆಬೀಜದಷ್ಟು ಚಿಕ್ಕ ಬರಿಗಾಲುಗಳು ಸಾಲಾಗಿ ನಿಂತಿದ್ದವು.

ಅಷ್ಟು ಚಿಕ್ಕದು ಅವಳ ಕಣ್ಣಿಗೆ ಕಾಣುವುದು ಸಾಧ್ಯವಿರಲಿಲ್ಲ. ಬರೆದು ದೊಡ್ಡದು ಮಾಡುವುದು ನನ್ನ ಪಾಲಿಗೆ ಬಂತು. ದಾವಣಗೆರೆಯ ಮನೆಗೆ ಮರಳಿದೊಡನೆ ಮುಖಗಳಿದ್ದ ಮೇಲಿನ ಭಾಗವನ್ನು ಅಜ್ಜ ಬೀಗದೊಳಗೆ ಇಟ್ಟ. ಯಾವ ಕಾಲು ಯಾರದೆಂದು ನೋಡಿ ಬರೆದರೆ ಕೈ ವಾಲುತ್ತದೆ, ನೀನು ಪಟ್ಟಿಯನ್ನು ಮಾತ್ರ ನೋಡು, ಎಂದ. ಗೋಡೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಒಂದಕ್ಕೊಂದು ಅಂಟಿಸಿ, ಪಡಸಾಲೆಯ ಉದ್ದಕ್ಕೂ ಹಾಸಿ, ಮೊಣಕಾಲೂರಿ ಬರೆದೆ. ಮುಖಗಳನ್ನು ಬರೆದಾಗ ಸಿಗದ ಸುಖ ಅದರಲ್ಲಿತ್ತು. ಕ್ಯಾಮೆರಾದ ಮುಂದೆ ಮುಖಗಳು ಸಿದ್ಧವಾಗಿ ನಿಲ್ಲುತ್ತವೆ, ಕಾಲುಗಳಿಗೆ ಯಾರೂ ಬುದ್ಧಿ ಹೇಳಿರುವುದಿಲ್ಲ. ಒಂದು ಜೋಡಿ ಓಡಲು ಹೊರಟಂತಿತ್ತು, ಒಂದು ಜೋಡಿ ನೆಲವನ್ನು ಒತ್ತಿ ಹಿಡಿದಿತ್ತು, ಒಬ್ಬ ಒಂದು ಪಾದದಿಂದ ಇನ್ನೊಂದನ್ನು ತುರಿಸಿಕೊಳ್ಳುತ್ತಿದ್ದ. ಬಲತುದಿಯ ಜೋಡಿಯಲ್ಲಿ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಇದು ಅಂಟಿನ ಕಲೆಯೋ ಬೆರಳೋ ಎಂದು ಅಜ್ಜನನ್ನು ಕರೆದು ಕೇಳಿದೆ. ಅವನು ಬಗ್ಗಿ ನೋಡಿ, "ಚೌಕದಾಗೆ ಇದ್ದಂಗೆ ಬರಿ, ನೀ ತಿದ್ದಾಕೆ ಹೋಗಬ್ಯಾಡ" ಎಂದಷ್ಟೇ ಹೇಳಿದ. ಅಜ್ಜಿ ಅಡುಗೆಮನೆಯಿಂದ ಅಂಗಳಕ್ಕೆ ಹೋಗಲು ದಾರಿಯಿಲ್ಲದೆ ಹಿತ್ತಿಲು ಸುತ್ತಿ ಬರುತ್ತಿದ್ದಳು. ಮನೆ ತುಂಬ ನೆಂಟರು ಬಂದು ನಿಂತಂತಿದೆ, ಊಟಕ್ಕೆ ಏಳುವ ಗಂಡಸರಲ್ಲ ಪುಣ್ಯಕ್ಕೆ, ಎಂದು ನಕ್ಕಳು.

ಮತ್ತೊಂದು ಭಾನುವಾರ, ಸುರುಳಿ ಸುತ್ತಿದ ಕ್ಯಾಲೆಂಡರುಗಳನ್ನು ಬಸ್ಸಿನಲ್ಲಿ ಯಾರಿಗೂ ತಾಗದಂತೆ ಎದೆಗೆ ಹಿಡಿದುಕೊಂಡು ಹೋದೆ. ಹರಿಹರದಜ್ಜಿಯ ಪಡಸಾಲೆಯಲ್ಲಿ ಅದನ್ನು ಬಿಚ್ಚಿ, ಮೂಲೆಗಳಿಗೆ ಸೇರು ಪಾವುಗಳನ್ನು ಹೇರಿ, ನಾವು ಗೋಡೆಗೆ ಸರಿದು ನಿಂತೆವು. ಹೊಳೆಯ ಕಡೆಯ ಬಾಗಿಲಿನಿಂದ ಬಿಸಿಲು ಅದರ ಮೇಲೆ ಬಿದ್ದಿತ್ತು. ಅವಳು ಎಡತುದಿಯಿಂದ ಹೊರಟಳು. ಸೊಂಟ ಬಗ್ಗಿಸಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅಲ್ಲಿ ನಿಜವಾಗಿ ಜನ ನಿಂತಿದ್ದಾರೆ, ಅವರಿಗೆ ಸೆರಗು ತಾಗಬಾರದು ಎಂಬಂತೆ, ಒಂದೊಂದು ಜೋಡಿಯ ಮುಂದೆ ನಿಂತು ಮುಂದೆ ಸಾಗಿದಳು. ಏಕತಾರಿಯವನ ಪಾದಗಳು ನಡುವೆ ಇರಲೇಬೇಕೆಂಬ ಲೆಕ್ಕದಲ್ಲಿ ಅಜ್ಜ ನಡುವಿನ ಜೋಡಿಯ ಹತ್ತಿರ ಕುತ್ತಿಗೆ ಚಾಚಿದ. ಅವಳು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಲತುದಿಗೆ ಬಂದವಳು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ನೆರಿಗೆ ಕೈಯಿಂದ ಜಾರಿತು. ಮೆಲ್ಲಗೆ ನೆಲದ ಮೇಲೆ ಕುಳಿತು, ಆ ಕಿರುಬೆರಳಿನ ಮೇಲೆ ತನ್ನ ತೋರುಬೆರಳನ್ನು ಇಟ್ಟಳು. ಆಮೇಲೆ ಎರಡೂ ಅಂಗೈಗಳನ್ನು ಕಾಗದದ ಅಂಚಿಗೆ ಊರಿ ಹಣೆಯನ್ನು ಮುಟ್ಟಿಸಿದಳು. ಬೆಳಗಾಗೆದ್ದು ಪ್ರತಿದಿನ ಮಾಡಿದವರ ಸಲೀಸು ಅದರಲ್ಲಿತ್ತು. ಐವತ್ತು ವರ್ಷ ನಡುವೆ ನಿಂತಿದ್ದಂತೆ ಕಾಣಲಿಲ್ಲ.

ಅಜ್ಜ ಚೀಲದಿಂದ ಮೇಳವನ್ನು ತೆಗೆದು ಪಟ್ಟಿಗೆ ಕೂಡಿಸಲು ಹೊರಟಾಗ ಅವಳು ಕೈ ಅಡ್ಡ ಹಿಡಿದಳು. ಈಗ ಬೇಡ, ನೀವು ನೋಡಿಕೊಳ್ಳಿ, ನನಗೆ ಹೇಳಬೇಡಿ. ಬರೆದು, ಕಟ್ಟು ಹಾಕಿ, ಹಿರಿಯರ ಹಬ್ಬದ ದಿನ ತನ್ನಿ. ಅರ್ಧ ಆದ ಮುಖವನ್ನು ನಾನು ನೋಡಲಾರೆ, ಎಂದಳು. ನಾವು ಹಿತ್ತಿಲ ಜಗಲಿಗೆ ಹೋಗಿ ಕೂಡಿಸಿ ನೋಡಿದೆವು. ಬಲತುದಿಯ ಕಾಲುಗಳ ಮೇಲೆ ನಿಂತಿದ್ದವನನ್ನು ನಾವು ಇಷ್ಟು ದಿನ ನೋಡಿಯೂ ನೋಡಿರಲಿಲ್ಲ. ಕುಳ್ಳ. ಮೀಸೆ ಇನ್ನೂ ಬಂದಿರಲಿಲ್ಲ. ಕಿವಿಗಳು ಬಿಚ್ಚಿಕೊಂಡಿದ್ದವು. ಉಳಿದ ಎಂಟು ಜನ ಕ್ಯಾಮೆರಾಕ್ಕೆ ಹೆದರಿ ಬಾಯಿ ಬಿಗಿದು ನಿಂತಿದ್ದರೆ, ಇವನೊಬ್ಬ ತಾಳ ಎತ್ತಿ ಹಿಡಿದು ಬಾಯಿ ತೆರೆದು ಹಾಡುತ್ತಿದ್ದ. ನಾವು ಗಂಡನೊಬ್ಬನನ್ನು, ಹಿರಿಯನೊಬ್ಬನನ್ನು ಹುಡುಕಿದ್ದೆವು. ಹುಡುಗನೊಬ್ಬ ಅಲ್ಲಿರಬಹುದೆಂದು ಒಬ್ಬರಿಗೂ ಅನ್ನಿಸಿರಲಿಲ್ಲ.

ವಾಪಸಾಗುವಾಗ ಕಾರ್ಖಾನೆಯ ಕೆಲಸ ಬಿಟ್ಟವರ ಸೈಕಲ್ಲುಗಳ ಸಾಲಿಗಾಗಿ ಬಸ್ಸು ನಿಂತಾಗ ಅಜ್ಜ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ಐದು ವರ್ಷದವನ್ನ ಯಾರು ಹೊತ್ಕೊಂಡ್ರೂ ಮುಗಿಲು ಮುಟ್ತತೆ ಕಣೋ ಕೊಟ್ರೇಶ." ಆಮೇಲೆ ಭುಜ ಕುಲುಕಿಸಿ ನಗಲಾರಂಭಿಸಿದ. ನಾನೂ ನಕ್ಕೆ. ಕಣ್ಣೊರೆಸಿಕೊಂಡದ್ದು ಅವನೊಬ್ಬನೇ.

ಅಮಾವಾಸ್ಯೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಹಾಡುವ ಬಾಯಿಯನ್ನು ಬರೆಯುವುದು ಕಷ್ಟ; ಒಂದು ಗೆರೆ ಜಾಸ್ತಿಯಾದರೆ ಆಕಳಿಕೆಯಾಗುತ್ತದೆ, ಕಡಿಮೆಯಾದರೆ ಅಳುವಾಗುತ್ತದೆ. ನಾನು ಬರೆದೆ, ಅಳಿಸಿದೆ, ಕಾಗದ ಸವೆದು ತೂತಾದಾಗ ಮತ್ತೊಂದಕ್ಕೆ ಚೌಕ ಹಾಕಿದೆ. ಕೊನೆಗೆ ಒಂದು ಸಂಜೆ ಮೇಲ್ದುಟಿಯ ನೆರಳನ್ನು ಬೆರಳಿನಿಂದ ಮೃದುವಾಗಿ ಒರೆಸಿದೊಡನೆ ಅವನು ಹಾಡಿದ. ನಾನು ಅಂಗಳಕ್ಕೆ ಓಡಲಿಲ್ಲ. ಅಲ್ಲೇ ಕುಳಿತು ಕೇಳಿದೆ. ಅಜ್ಜ ಪೊಲೀಸ್ ಪಟೇಲನನ್ನು ಬೀಟೆಯ ಕಟ್ಟಿನಿಂದ ಬಿಡಿಸಿ ಆ ಕಟ್ಟಿನಲ್ಲಿ ಇವನನ್ನು ಕೂರಿಸಿದ. ಕೆಳಗೆ, ಮುಖದ ಅಡಿಯಲ್ಲೇ, ನಾನು ಬರೆದಿದ್ದ ಬಲತುದಿಯ ಜೋಡಿ ಪಾದಗಳನ್ನೂ ಕತ್ತರಿಸಿ ಅಂಟಿಸಿದ. ಅವನ ಅಪ್ಪ ಬೇರೆ ಮಾಡಿದ್ದನ್ನು ಅವನು ಕೂಡಿಸಿದ.

ಹಬ್ಬದ ದಿನ ಹರಿಹರದ ಮನೆಯಲ್ಲಿ ಹೋಳಿಗೆಯ ಹೂರಣ, ಎಣ್ಣೆಗಾಯಿ, ಲೋಬಾನದ ಹೊಗೆ ಒಂದಾಗಿದ್ದವು. ಸಾಲಿನಲ್ಲಿ ಪಟಗಳನ್ನು ಇಟ್ಟಿದ್ದರು. ಪಂಚೆಯ ಜಾಗದಲ್ಲಿ ಪಂಚೆ ಇತ್ತು. ಅಜ್ಜ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಪಟವನ್ನು ಅದರ ಮೇಲೆ ಒರಗಿಸಿದ. ಹರಿಹರದಜ್ಜಿ ಮೊದಲು ಪಾದಗಳನ್ನು ನೋಡಿ ಕೈಮುಗಿದಳು. ಆಮೇಲೆ, ಬಹಳ ನಿಧಾನವಾಗಿ, ತಲೆ ಎತ್ತಿದಳು. ಒಲೆಯ ಮೇಲೆ ಬೇಳೆಕಟ್ಟು ಕುದಿಯುವುದು ಕೇಳುತ್ತಿತ್ತು. ಅವಳು ಮುಖವನ್ನು ಪಟಕ್ಕೆ ಗೇಣಷ್ಟು ಹತ್ತಿರ ತಂದು, ಕಿವಿಯನ್ನು ನೋಡಿದಳು, ಮೀಸೆಯಿಲ್ಲದ ತುಟಿಯನ್ನು ನೋಡಿದಳು, ತೆರೆದ ಬಾಯಿಯನ್ನು ನೋಡಿದಳು. ಅತ್ತಾಳೆಂದು ನಾನು ಹೆದರಿದ್ದೆ. ಅವಳ ಮುಖದಲ್ಲಿ ಮೂಡಿದ್ದು ಅಳುವಲ್ಲ. ಶಾಲೆಯಿಂದ ತಡವಾಗಿ ಬಂದ ನನ್ನನ್ನು ಬಾಗಿಲಲ್ಲಿ ಕಂಡಾಗ ಅಜ್ಜಿಯ ಮುಖದಲ್ಲಿ ಮೂಡುತ್ತಿದ್ದ ಭಾವ.

"ಕೂಸು ಐತಲ್ಲೋ ಇದು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ತನಗೇ ಹೇಳಿಕೊಂಡಂತೆ, "ನಾನು ಹೆದರ್ಕೊಂಡು ಹೆದರ್ಕೊಂಡು ನೀರು ಹಾಕ್ತಿದ್ದೆ" ಎಂದಳು.

ಎಡೆ ಬಡಿಸಿ ಮುಗಿದಿತ್ತು. ಅವಳು ಎದ್ದು ಒಳಗೆ ಹೋಗಿ, ನಾನು ಬಂದಾಗಲೆಲ್ಲ ನನಗೆಂದು ಡಬ್ಬಿಯಲ್ಲಿ ಎತ್ತಿಟ್ಟಿರುತ್ತಿದ್ದ ಬೆಲ್ಲದ ಮಂಡಕ್ಕಿ ಉಂಡೆಯನ್ನು ತಂದು ನನ್ನ ಮುಂದೆ ನಿಂತಳು. "ಕೊಟ್ರಾ, ನಿನ್ನ ಉಂಡೆ ಅವ್ನಿಗೆ ಕೊಡ್ಲೇನೋ?" ಎಂದು ಕೇಳಿದಳು. ಐವತ್ತು ವರ್ಷ ಅವರು ಎಂದವಳು ಅವನು ಎಂದಳು. ನಾನು ತಲೆಯಾಡಿಸಿದೆ. ಅವಳು ಹಿರಿಯರ ಹೋಳಿಗೆಯ ಪಕ್ಕದಲ್ಲಿ, ಅವನ ಎಲೆಯ ತುದಿಗೆ, ಅದನ್ನು ಇಟ್ಟಳು.

ಹರಿಹರದಜ್ಜಿ ಆಮೇಲೆ ಆರು ಹಬ್ಬಗಳನ್ನು ಮಾಡಿದಳು. ಕೊನೆಯವುಗಳನ್ನು ಪಟದ ಮೇಲೆ ಬೆರಳಾಡಿಸಿಯೇ ಮಾಡಿದಳಂತೆ. ಈಗ ಅವಳ ಪಟವೂ ಅದೇ ಸಾಲಿನಲ್ಲಿ, ಅವನ ಮಗ್ಗುಲಲ್ಲಿದೆ. ನೋಡಿದವರು ಅಜ್ಜಿ, ಮೊಮ್ಮಗ ಎಂದುಕೊಳ್ಳುತ್ತಾರೆ. ಅಜ್ಜ ಹೋದ, ಅಜ್ಜಿ ಹೋದಳು, ಮುಂಗೋಣೆಯ ಜಾಗದಲ್ಲಿ ಈಗ ಡಾಂಬರು ಇದೆ. ಅದರ ಮೇಲೆ ನಡೆಯುವಾಗ ನಾನು ಸ್ವಲ್ಪ ಪಕ್ಕಕ್ಕೆ ಸರಿದು ನಡೆಯುತ್ತೇನೆ. ಬಿಸ್ಕತ್ತಿನ ಡಬ್ಬಿ ನನ್ನ ಬಳಿ ಇದೆ. ಮೊನ್ನೆ ಅಂಟು ಆರಿದ ಮೇಲೆ ಮಗಳಿಗೆ ಅದನ್ನು ತೆರೆದು ತೋರಿಸಿದೆ; ಜಮಾದಾರ, ಚಂದ್ರನ ಕೆಳಗಿನ ಹೆಂಗಸು, ಬಳೆಯ ಮಗು, ಯಾರೂ ಬೆಳೆದಿಲ್ಲ. ಯಾವ ಚಿತ್ರ ಮುಗಿದರೂ ಹಿಂದೆ ತಾರೀಖು ಹಾಕಬೇಕೆಂಬುದು ಅಜ್ಜನ ಇನ್ನೊಂದು ನಿಯಮವಾಗಿತ್ತು. ಆದರೆ ಆ ಬೀಟೆಯ ಪಟದ ಹಿಂದೆ ಬರೆದು ಮುಗಿಸಿದ ದಿನವನ್ನು ಹಾಕಲು ಅವನು ಬಿಡಲಿಲ್ಲ. ಅಕ್ಕ ತಲೆ ಎತ್ತಿ ನೋಡಿದ ದಿನವನ್ನೇ ಹಾಕಿಸಿದ. ಆಗ ಹನ್ನೆರಡರ ಹುಡುಗನಾಗಿದ್ದ ನಾನು ರಟ್ಟಿನ ಮೇಲೆ ಅಡಿಗೋಲಿಟ್ಟು ಗೆರೆ ಎಳೆದು ಬರೆದದ್ದು ಈಗಲೂ ಅಲ್ಲಿದೆ: ೧೯೯೮ನೇ ಇಸವಿ, ಸೆಪ್ಟೆಂಬರ್ ೨೦, ಭಾನುವಾರ.